ಡಿವೋರ್ಸ್ ಸಿಗುವವರೆಗೆ ಏನು ಮಾಡುವುದು?

ಕಾನೂನು ಅರಿವು ಕಾರ್ಯಕ್ರಮವೊಂದರಲ್ಲಿ ನಾನು ಆಡಿದ ಮಾತುಗಳಿವು. ಸಭೆಯಲ್ಲಿದ್ದವರು ನಡುವೆ ಎದ್ದು ಕೇಳಿದ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಗಂಡ ಹೆಂಡತಿ ಬೇರೆಯಾಗುವ ಹಂತಕ್ಕೆ ಬಂದಾಗ ವಕೀಲರ ಆಫೀಸಿಗೆ ಬಂದು ಕೂತವರು ಮೊದಲು ಕೇಳುವುದು ಒಂದೇ ಪ್ರಶ್ನೆ. "ಡಿವೋರ್ಸ್ ಎಷ್ಟು ದಿನಕ್ಕೆ ಸಿಗುತ್ತೆ?" ಇದಕ್ಕೆ ನಿಖರವಾಗಿ ಉತ್ತರ ಕೊಡುವ ವಕೀಲರನ್ನು ನಾನು ನಂಬುವುದಿಲ್ಲ. ಇಬ್ಬರೂ ಒಪ್ಪಿದರೆ ತಿಂಗಳುಗಳ ಲೆಕ್ಕ, ಒಬ್ಬರು ಒಪ್ಪದಿದ್ದರೆ ವರ್ಷಗಳ ಲೆಕ್ಕ, ಅಷ್ಟನ್ನು ಮಾತ್ರ ಹೇಳಬಹುದು. ಅದಕ್ಕೇ ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ಅಲ್ಲಿಯವರೆಗೆ ನೀವು ಎಲ್ಲಿರುತ್ತೀರಿ? ತಿಂಗಳ ಖರ್ಚಿಗೆ ಏನು ದಾರಿ? ಮಗು ಯಾರ ಹತ್ತಿರ ಇರುತ್ತೆ, ಇನ್ನೊಬ್ಬರು ಅದನ್ನು ಯಾವಾಗ ನೋಡಬಹುದು? ಕೇಸು ನಡೆಸುವ ಖರ್ಚು ಯಾರದು? ಬಹಳ ಜನ ಇದಕ್ಕೆ ಸುಮ್ನೆ ಮುಖ ನೋಡುತ್ತಾರೆ. ಯಾಕೆಂದರೆ ಡಿವೋರ್ಸ್ ಸಿಕ್ಕ ಮೇಲಿನ ಬದುಕಿನ ಬಗ್ಗೆ ಯೋಚಿಸಿರುತ್ತಾರೆ, ನಡುವಿನ ಈ ಉದ್ದದ ಕಾಲದ ಬಗ್ಗೆ ಯೋಚಿಸಿರುವುದಿಲ್ಲ.

ನನ್ನ ಮಟ್ಟಿಗೆ ಕೌಟುಂಬಿಕ ಕೇಸುಗಳಲ್ಲಿ ಕೊನೆಯ ತೀರ್ಪಿಗಿಂತ ಮಧ್ಯಂತರ ಆದೇಶಗಳೇ, ಅಂದರೆ ಕೇಸು ನಡೆಯುವಾಗ ಕೋರ್ಟು ಕೊಡುವ ತಾತ್ಕಾಲಿಕ ಆದೇಶಗಳೇ, ಜಾಸ್ತಿ ಮುಖ್ಯ. ಜೀವನ ನಡೆಯುವುದು ಅವುಗಳ ಮೇಲೆ. ಕಾನೂನು ನೆರವನ್ನು ಬೇಗ ತೆಗೆದುಕೊಳ್ಳಿ ಎಂದು ನಾನು ಹೇಳುವುದೂ ಇದೇ ಕಾರಣಕ್ಕೆ. ಸಲಹೆ ಕೇಳಿದ ಮಾತ್ರಕ್ಕೆ ಕೇಸು ಹಾಕಿದ ಹಾಗಲ್ಲ. ವಕೀಲರ ಬಳಿ ಒಂದು ಗಂಟೆ ಕೂತು ಎದ್ದು ಬಂದು, ಆಮೇಲೆ ಮನೆಯಲ್ಲೇ ಸರಿಮಾಡಿಕೊಂಡು ನೆಮ್ಮದಿಯಾಗಿರುವವರೂ ಇದ್ದಾರೆ. ನೀವು ಅಲ್ಲಿ ಹೇಳಿದ್ದನ್ನು ವಕೀಲರು ನಿಮ್ಮ ಒಪ್ಪಿಗೆ ಇಲ್ಲದೆ ಹೊರಗೆ ಹೇಳುವಂತಿಲ್ಲ, ಅದಕ್ಕೂ ಕಾನೂನಿನ ರಕ್ಷಣೆ ಇದೆ.

ಸಲಹೆ ಪಡೆಯುವ ಮೊದಲು ದಯವಿಟ್ಟು ಒಂದು ಕೆಲಸ ಮಾತ್ರ ಮಾಡಬೇಡಿ. ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಮನೆಯ ಹಿರಿಯರು ಕೂತು ಮಾತಾಡಿ, ಛಾಪಾ ಕಾಗದದಲ್ಲಿ "ಇಂದಿನಿಂದ ನಮಗೂ ಇವರಿಗೂ ಸಂಬಂಧ ಇಲ್ಲ" ಎಂದು ಬರೆಸಿ, ನೋಟರಿ ಸೀಲು ಹಾಕಿಸಿ ಎರಡೂ ಕಡೆಗೆ ಒಂದೊಂದು ಪ್ರತಿ ಕೊಟ್ಟು ಕಳಿಸುತ್ತಾರೆ. ಜನ ಅದನ್ನೇ ಡಿವೋರ್ಸ್ ಎಂದುಕೊಂಡು ಇನ್ನೊಂದು ಮದುವೆಯನ್ನೂ ಆಗಿಬಿಡುತ್ತಾರೆ! ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಆದ ಮದುವೆಯನ್ನು ಮುರಿಯುವುದು ಕೋರ್ಟಿನ ಡಿಕ್ರಿ, ಅಂದರೆ ಕೋರ್ಟು ಬರೆದು ಕೊಡುವ ತೀರ್ಮಾನ. ಕೆಲವು ಸಮುದಾಯಗಳಲ್ಲಿ ಹಿಂದಿನಿಂದ ಬಂದ ವಿಚ್ಛೇದನದ ರೂಢಿಯನ್ನು ಕಾಯ್ದೆಯ 29ನೇ ಕಲಂ ಒಪ್ಪುತ್ತದೆ, ನಿಜ. ಆದರೆ ಅಂಥ ರೂಢಿ ಇದೆ ಎಂದು ಹೇಳುವವರೇ ಅದನ್ನು ಸಾಬೀತು ಮಾಡಬೇಕು, ಅದು ಸುಲಭದ ಕೆಲಸ ಅಲ್ಲ. ಛಾಪಾ ಕಾಗದ ನಂಬಿ ಮರುಮದುವೆಯಾದರೆ ಆ ಎರಡನೇ ಮದುವೆ ಅಸಿಂಧು, ಅದರ ಮೇಲೆ ದ್ವಿಪತ್ನಿತ್ವದ ಕ್ರಿಮಿನಲ್ ಕೇಸೂ ಬರಬಹುದು. ಹಾಗೆಯೇ "ಮುಂದೆ ಜೀವನಾಂಶ ಕೇಳುವುದಿಲ್ಲ" ಎಂದು ಬರೆಸಿಕೊಂಡ ಕಾಗದ. ಅದು ಇದೆ ಅನ್ನುವ ಒಂದೇ ಕಾರಣಕ್ಕೆ ಹಕ್ಕು ಹೋಗಿಬಿಟ್ಟಿತು ಎಂದು ಹೆದರಬೇಡಿ, ಅದನ್ನು ವಕೀಲರಿಗೆ ತೋರಿಸಿ.

ಈಗ ಎಲ್ಲಿಗೆ ಹೋಗಬೇಕು ಅನ್ನುವುದು.

ದುಡ್ಡಿಲ್ಲ ಅಂತ ಸುಮ್ಮನಿರುವವರು ಬಹಳ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರಲ್ಲಿ ಬಂತು, 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಅದರ 12ನೇ ಕಲಂ ಪ್ರಕಾರ ಹೆಂಗಸರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಸಂಬಳ ಬರುವ ಹೆಂಗಸಿಗೂ ಸಿಗುತ್ತದೆ, ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಇವರಿಗೂ ಇದೆ. ಉಳಿದ ಗಂಡಸರಿಗೆ ಸರ್ಕಾರ ಗೊತ್ತುಮಾಡಿದ ಆದಾಯ ಮಿತಿಯೊಳಗೆ ಇದ್ದರೆ ಸಿಗುತ್ತದೆ. ಜಿಲ್ಲಾ ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಆಫೀಸು ಇರುತ್ತದೆ, ತಾಲ್ಲೂಕು ಕೋರ್ಟಿನಲ್ಲಿ ತಾಲ್ಲೂಕು ಸಮಿತಿ. ಅಲ್ಲಿಗೆ ಹೋಗಿ ಅರ್ಜಿ ಕೊಡಿ. ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಿ, ಅವರೇ ಬರೆದುಕೊಳ್ಳುತ್ತಾರೆ. ಹೋಗುವ ಮೊದಲು ಏನಾದರೂ ಕೇಳಬೇಕಿದ್ದರೆ 15100ಕ್ಕೆ ಫೋನ್ ಮಾಡಿ, ದೇಶಕ್ಕೆಲ್ಲ ಒಂದೇ ನಂಬರು, ದುಡ್ಡು ಕಟ್ಟಾಗುವುದಿಲ್ಲ.

"ಫ್ರೀ ವಕೀಲರು ಸರಿಯಾಗಿ ನಡೆಸ್ತಾರಾ ಮೇಡಂ?" ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಸಭೆ ನಕ್ಕಿತು, ಆದರೆ ಪ್ರಶ್ನೆ ಸರಿಯಾದದ್ದೇ. ಪ್ಯಾನಲ್ ವಕೀಲರಲ್ಲಿ, ಅಂದರೆ ಪ್ರಾಧಿಕಾರದ ಪಟ್ಟಿಯಲ್ಲಿರುವ ವಕೀಲರಲ್ಲಿ, ಬಹಳ ಒಳ್ಳೆಯವರಿದ್ದಾರೆ, ಕಾಟಾಚಾರಕ್ಕೆ ಮಾಡುವವರೂ ಇದ್ದಾರೆ. ಫೀಸು ಕೊಟ್ಟು ಹಿಡಿದ ವಕೀಲರಲ್ಲೂ ಅಷ್ಟೇ ಅಲ್ವಾ? ವ್ಯತ್ಯಾಸ ಏನೆಂದರೆ ಇಲ್ಲಿ ದೂರು ಹೇಳಲು ಒಂದು ಆಫೀಸು ಇದೆ. ಪ್ಯಾನಲ್ ವಕೀಲರು ನಿಮ್ಮಿಂದ ದುಡ್ಡು ಕೇಳುವಂತಿಲ್ಲ. ಕೇಳಿದರೆ, ಅಥವಾ ಕೋರ್ಟಿಗೇ ಬರದಿದ್ದರೆ, ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಬರೆದು ಬೇರೆ ವಕೀಲರನ್ನು ಕೊಡಿ ಎಂದು ಕೇಳಿ. ಆ ಕಾರ್ಯದರ್ಶಿ ನ್ಯಾಯಾಧೀಶರೇ ಆಗಿರುತ್ತಾರೆ.

ಮನೆಯಲ್ಲಿ ಹೊಡೆತ ಬಡಿತ ಇದ್ದರೆ ವಕೀಲರಿಗಿಂತ ಮೊದಲು 112, ಇಲ್ಲವೇ ಮಹಿಳಾ ಸಹಾಯವಾಣಿ 181. ಆಮೇಲೆ ಕೌಟುಂಬಿಕ ದೌರ್ಜನ್ಯ ಕಾಯ್ದೆ, 2005ರದ್ದು. ಈ ಕಾಯ್ದೆಯ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ, ಯಾಕೆಂದರೆ ನಾನು ಹೇಳಿದ "ಅಲ್ಲಿಯವರೆಗೆ" ಅನ್ನುವ ಕಾಲಕ್ಕೆಂದೇ ಮಾಡಿದ ಹಾಗಿದೆ ಇದು. ಡಿವೋರ್ಸ್ ಬೇಕೋ ಬೇಡವೋ ಇನ್ನೂ ನಿರ್ಧಾರ ಮಾಡದ ಹೆಂಗಸೂ ಇದರಡಿ ಹೋಗಬಹುದು. ಪೊಲೀಸ್ ಠಾಣೆಗೆ ಹೋಗಲೇಬೇಕು ಎಂದಿಲ್ಲ, ಈ ಕಾಯ್ದೆಯಡಿ ಸರ್ಕಾರ ನೇಮಿಸಿದ ಸಂರಕ್ಷಣಾಧಿಕಾರಿಯ ಮೂಲಕ ಅಥವಾ ನೇರವಾಗಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಅರ್ಜಿ ಬಂದ 3 ದಿನದೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ ಇಡಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಹೊಡೆಯಬೇಡ, ಹತ್ತಿರ ಬರಬೇಡ ಎಂಬ ರಕ್ಷಣೆ ಆದೇಶ, ಮನೆಯಿಂದ ಹೊರಹಾಕಬೇಡ ಎಂಬ ವಾಸದ ಆದೇಶ, ಖರ್ಚಿಗೆ ಹಣ, ಮಗುವಿನ ತಾತ್ಕಾಲಿಕ ಸುಪರ್ದಿ, ಇಷ್ಟೂ ಒಂದೇ ಅರ್ಜಿಯಲ್ಲಿ ಕೇಳಬಹುದು. ಅಪಾಯ ಕಣ್ಣಮುಂದೆ ಇದ್ದರೆ ಎದುರು ಕಡೆಯವರನ್ನು ಕೇಳದೆಯೇ ಕೋರ್ಟು ಮಧ್ಯಂತರ ಆದೇಶ ಕೊಡಬಹುದು. ಮೂರು ದಿನ ಅನ್ನುವುದು ಎಲ್ಲ ಕಡೆ ಪಾಲನೆಯಾಗುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಾಯ್ದೆಯಲ್ಲಿ ಬರೆದಿರುವ ಕಾರಣ ನಿಮ್ಮ ವಕೀಲರು ಎದ್ದು ನಿಂತು ಅದನ್ನು ಕೇಳಬಹುದು.

ಮನೆ ಯಾರ ಹೆಸರಿನಲ್ಲಿದೆ ಅನ್ನುವ ಜಗಳ ಇಲ್ಲಿ ಬಂದೇ ಬರುತ್ತದೆ. "ಈ ಮನೆ ನನ್ನದು, ಮಗನದಲ್ಲ, ಸೊಸೆ ಹೊರಗೆ ಹೋಗಲಿ" ಎಂದು ಮಾವ ಹೇಳುತ್ತಾರೆ. 2020ರಲ್ಲಿ ಸತೀಶ್ ಚಂದರ್ ಅಹುಜಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಮನೆ ಗಂಡನ ಹೆಸರಿನಲ್ಲೇ ಇರಬೇಕೆಂದಿಲ್ಲ, ಅತ್ತೆ ಮಾವನ ಹೆಸರಿನಲ್ಲಿದ್ದರೂ ಆಕೆ ಅಲ್ಲಿ ಸಂಸಾರ ಮಾಡಿಕೊಂಡಿದ್ದರೆ ಅದು ಹಂಚಿಕೊಂಡ ಮನೆ ಆಗಬಹುದು ಎಂದು. ಗಮನಿಸಿ, ಇದು ವಾಸದ ಹಕ್ಕು, ಮಾಲೀಕತ್ವ ಅಲ್ಲ. ವಯಸ್ಸಾದ ಅತ್ತೆ ಮಾವನ ನೆಮ್ಮದಿಯನ್ನೂ ಕೋರ್ಟು ತೂಗಿ ನೋಡುತ್ತದೆ, ಬೇರೆ ಬಾಡಿಗೆ ಮನೆ ಮಾಡಿಕೊಡು ಎಂದು ಗಂಡನಿಗೆ ಹೇಳುವುದೂ ಉಂಟು.

ಖರ್ಚಿನ ವಿಷಯಕ್ಕೆ ಬರೋಣ. ಜೀವನಾಂಶ ಕೇಳಲು ಬೇರೆ ಬೇರೆ ದಾರಿಗಳಿವೆ. ಹಿಂದೂ ವಿವಾಹ ಕಾಯ್ದೆಯ 24ನೇ ಕಲಂ, ಮೊದಲು ಎಲ್ಲರೂ 125 ಎಂದು ಕರೆಯುತ್ತಿದ್ದ, ಈಗ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿರುವ ಅರ್ಜಿ, ಮತ್ತೆ ಈಗ ಹೇಳಿದ ದೌರ್ಜನ್ಯ ಕಾಯ್ದೆ. 144 ಮತ್ತು ದೌರ್ಜನ್ಯ ಕಾಯ್ದೆಗೆ ಧರ್ಮದ ಭೇದ ಇಲ್ಲ. 24ನೇ ಕಲಮಿನ ವಿಶೇಷ ಏನೆಂದರೆ, ಕೇಸು ನಡೆಯುವಾಗಿನ ಜೀವನಾಂಶದ ಜೊತೆಗೆ ಕೇಸಿನ ಖರ್ಚನ್ನೂ ಕೇಳಬಹುದು. ಮತ್ತೆ ಅದನ್ನು ಹೆಂಡತಿ ಮಾತ್ರ ಅಲ್ಲ, ಆದಾಯವಿಲ್ಲದ ಗಂಡನೂ ಕೇಳಬಹುದು. ಗಂಡಸರು ಇದನ್ನು ಕೇಳಿ ನಗುತ್ತಾರೆ, ಕಾನೂನಿನಲ್ಲಿ ಇರುವುದು ಇರುವುದೇ.

ಎಲ್ಲಾ ಕಡೆ ಒಟ್ಟಿಗೆ ಹಾಕಿಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ನನಗೆ ಇಷ್ಟವಿಲ್ಲ. ಒಂದರಲ್ಲಿ ಸಿಕ್ಕಿದ ಹಣವನ್ನು ಇನ್ನೊಂದರಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಮೊದಲು ಹಾಕಿದ್ದನ್ನು ಮುಚ್ಚಿಡುವಂತೆಯೂ ಇಲ್ಲ. ಇದನ್ನೆಲ್ಲ 2020ರ ನವೆಂಬರಿನಲ್ಲಿ ರಜನೀಶ್ ವಿರುದ್ಧ ನೇಹಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಅದೇ ತೀರ್ಪಿನಲ್ಲಿ ಇನ್ನೆರಡು ಸಂಗತಿ ಇವೆ. ಒಂದು, ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕಕ್ಕೆ ಬರಬೇಕು, ಆದೇಶ ಆದ ದಿನದಿಂದಲ್ಲ. ಬೇಗ ಅರ್ಜಿ ಹಾಕಿ ಎಂದು ನಾನು ಗಂಟಲು ಹರಿದುಕೊಳ್ಳುವುದು ಇದಕ್ಕೇ. ಎರಡು, ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಸಾಲ, ಆದಾಯ, ಖರ್ಚು ಎಲ್ಲವನ್ನೂ ಅಫಿಡವಿಟ್ಟಿನಲ್ಲಿ, ಅಂದರೆ ಪ್ರಮಾಣ ಮಾಡಿ ಬರೆದ ಹೇಳಿಕೆಯಲ್ಲಿ, ಬಿಚ್ಚಿಡಬೇಕು. ಈ ಅಫಿಡವಿಟ್ಟನ್ನು ವಕೀಲರ ಗುಮಾಸ್ತರಿಗೆ ಬಿಟ್ಟು ಸಹಿ ಮಾತ್ರ ಹಾಕುವವರು ಆಮೇಲೆ ಎದುರು ವಕೀಲರ ಪಾಟೀ ಸವಾಲಿನಲ್ಲಿ ಒದ್ದಾಡುತ್ತಾರೆ. ಕೂತು ನೀವೇ ತುಂಬಿ. ಬಾಡಿಗೆ, ಸ್ಕೂಲ್ ಫೀಸು, ಔಷಧಿ, ಕಂತು, ಬಸ್ಸಿನ ಖರ್ಚು, ಸಣ್ಣದು ಎಂದು ಯಾವುದನ್ನೂ ಬಿಡಬೇಡಿ, ಇಲ್ಲದ್ದನ್ನು ಸೇರಿಸಲೂ ಬೇಡಿ.

ಆದೇಶ ಆದ ಮೇಲೂ ಹಣ ಬರದಿದ್ದರೆ? ವಸೂಲಿಗೆ ಅರ್ಜಿ ಹಾಕಬೇಕು, ತಾನಾಗಿ ಏನೂ ಆಗುವುದಿಲ್ಲ. 144ರ ಆದೇಶವನ್ನು ವಾರಂಟ್ ಮೂಲಕ ವಸೂಲಿ ಮಾಡಬೇಕೆಂದರೆ, ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. "ಪಾಪ, ಕೊಡ್ತಾರೆ ಬಿಡಿ" ಎಂದು ಎರಡು ವರ್ಷ ಕಾದು ಬಂದವರಿಗೆ ಆ ದಾರಿಯಲ್ಲಿ ಹಳೆಯ ತಿಂಗಳುಗಳು ಕೈಬಿಟ್ಟು ಹೋಗಿರುತ್ತವೆ.

ಇನ್ನು ಮಕ್ಕಳು. ಇಲ್ಲಿ ಕಾನೂನು ಅಮ್ಮನ ಹಕ್ಕು, ಅಪ್ಪನ ಹಕ್ಕು ಎಂದು ಶುರು ಮಾಡುವುದಿಲ್ಲ, ಮಗುವಿನ ಹಿತ ಮೊದಲು. ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆ, 1956ರ ಪ್ರಕಾರ 5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಜೊತೆ ಇರಬೇಕು. ಸಾಮಾನ್ಯವಾಗಿ ಅನ್ನುವುದನ್ನು ಮರೆಯಬೇಡಿ. ಕೇಸು ನಡೆಯುವಾಗಲೇ ಮಗು ಎಲ್ಲಿರಬೇಕು, ವಾರಕ್ಕೆ ಎಷ್ಟು ಸಲ ಇನ್ನೊಬ್ಬರು ನೋಡಬೇಕು, ಬೇಸಿಗೆ ರಜೆ ಹೇಗೆ ಹಂಚಬೇಕು, ವಿಡಿಯೋ ಕಾಲ್ ಯಾವ ಹೊತ್ತಿಗೆ, ಎಲ್ಲಕ್ಕೂ ಮಧ್ಯಂತರ ಆದೇಶ ಕೇಳಬಹುದು. ಈ ಸುಪರ್ದಿ ಆದೇಶಗಳು ಶಾಶ್ವತವಲ್ಲ, ಪರಿಸ್ಥಿತಿ ಬದಲಾದರೆ ಬದಲಾಯಿಸಲು ಕೇಳಬಹುದು.

ಒಬ್ಬ ತಂದೆ ಎದ್ದು ನಿಂತು, "ಮಗಳ ಮುಖ ನೋಡಿ ತಿಂಗಳುಗಳಾದವು, ಹಣ ಮಾತ್ರ ಕಳಿಸ್ತಾ ಇದೀನಿ, ನಿಲ್ಲಿಸಿಬಿಡಲಾ?" ಎಂದರು. ನಿಲ್ಲಿಸಬೇಡಿ ಸರ್. ಹಣ ನಿಲ್ಲಿಸಿದರೆ ನಿಮ್ಮ ಮೇಲೆ ಬಾಕಿ ಬೆಳೆಯುತ್ತದೆ, ಮಗಳನ್ನು ನೋಡುವ ಅರ್ಜಿಗೆ ಅದು ಅಡ್ಡ ಬರುತ್ತದೆ. ಭೇಟಿಗೆ ಬೇರೆ ಅರ್ಜಿ ಹಾಕಿ. ಹಾಗೆಯೇ ಅಮ್ಮಂದಿರು, ಹಣ ಕೊಟ್ಟಿಲ್ಲ ಅಂತ ಮಗುವನ್ನು ತೋರಿಸದೇ ಇರಬೇಡಿ. ಎರಡಕ್ಕೂ ಬೇರೆ ಬೇರೆ ದಾರಿ ಇರುವಾಗ ಒಂದನ್ನು ಇನ್ನೊಂದಕ್ಕೆ ಕಟ್ಟಿಹಾಕಿದರೆ ನಡುವೆ ಸಿಕ್ಕಿಕೊಳ್ಳುವುದು ಮಗು.

ವಕೀಲರನ್ನು ಹೇಗೆ ಆರಿಸುವುದು? ಕೌಟುಂಬಿಕ ಕೇಸುಗಳನ್ನು ದಿನವೂ ನಡೆಸುವವರನ್ನು ಹುಡುಕಿ. ಮೊದಲ ಭೇಟಿಯಲ್ಲೇ "ಅವರನ್ನು ಜೈಲಿಗೆ ಕಳಿಸ್ತೀನಿ ನೋಡ್ತಿರಿ" ಎನ್ನುವವರಿಂದ ಎದ್ದು ಬನ್ನಿ. ಫೀಸು ಎಷ್ಟು, ಒಟ್ಟು ಕೇಸಿಗೋ ಪ್ರತಿ ವಾಯಿದೆಗೋ, ಟೈಪಿಂಗ್, ನೋಟಿಸು ಖರ್ಚು ಸೇರಿದೆಯೋ, ಹೈಕೋರ್ಟಿಗೆ ಹೋದರೆ ಬೇರೆಯೋ, ನಾಚಿಕೆ ಬಿಟ್ಟು ಕೇಳಿ. ಜೀವನಾಂಶದಲ್ಲಿ ಇಷ್ಟು ಪರ್ಸೆಂಟ್ ನನಗೆ ಎಂದು ವಕೀಲರು ಕೇಳುವಂತಿಲ್ಲ, ಫಲಿತಾಂಶಕ್ಕೆ ಕಟ್ಟಿದ ಫೀಸನ್ನು ಬಾರ್ ಕೌನ್ಸಿಲ್ ನಿಯಮಗಳು ಒಪ್ಪುವುದಿಲ್ಲ. ಖಾಲಿ ವಕಾಲತ್ತಿಗೆ (ವಕೀಲರಿಗೆ ಕೇಸು ನಡೆಸುವ ಅಧಿಕಾರ ಕೊಡುವ ಪತ್ರ), ಖಾಲಿ ಹಾಳೆಗೆ ಸಹಿ ಹಾಕಬೇಡಿ. ಅಸಲು ದಾಖಲೆ ನಿಮ್ಮ ಹತ್ತಿರವೇ ಇರಲಿ, ಝೆರಾಕ್ಸ್ ಕೊಡಿ. ವಕೀಲರನ್ನು ಬದಲಿಸುವುದು ನಿಮ್ಮ ಹಕ್ಕು. ಫೀಸು ಬಾಕಿ ಇದೆ ಎಂದು ಹಳೆಯ ವಕೀಲರು ಫೈಲು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಬಾಕಿ ವಸೂಲಿಗೆ ಅವರಿಗೆ ಬೇರೆ ದಾರಿ ಇದೆ.

ನನ್ನ ವೃತ್ತಿಯವರಿಗೆ ಇದು ಹಿಡಿಸದೇ ಇರಬಹುದು, ಆದರೂ ಹೇಳುತ್ತೇನೆ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ, 1984ರ 13ನೇ ಕಲಂ ಪ್ರಕಾರ ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕೇ ಅಲ್ಲ, ಕೋರ್ಟಿನ ಅನುಮತಿ ಬೇಕು. ವ್ಯವಹಾರದಲ್ಲಿ ಅನುಮತಿ ಕೊಡುತ್ತಾರೆ, ಎಲ್ಲ ಕೇಸುಗಳಲ್ಲೂ ವಕೀಲರು ಕಾಣಿಸುತ್ತಾರೆ. ಆದರೆ ಕಾಯ್ದೆ ಬರೆದವರ ಮನಸ್ಸಿನಲ್ಲಿದ್ದದ್ದು ಗಂಡ ಹೆಂಡತಿ ನೇರವಾಗಿ ನ್ಯಾಯಾಧೀಶರ ಮುಂದೆ ಮಾತಾಡುವ ಕೋರ್ಟು. ಹಾಗಾಗಿ ನಿಮಗೇನಾದರೂ ಹೇಳುವುದಿದ್ದರೆ ಕೈ ಮುಗಿದು ಹೇಳಿ, ಕೇಳುತ್ತಾರೆ. ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯಲಿ ಎಂದು ಇಬ್ಬರಲ್ಲಿ ಒಬ್ಬರು ಕೇಳಿದರೂ ಸಾಕು, ಹಾಗೆ ನಡೆಸಬೇಕು. ಮುಂದಿನ ವಾಯಿದೆ ಯಾವಾಗ ಎಂದು ವಕೀಲರಿಗೆ ಫೋನ್ ಮೇಲೆ ಫೋನ್ ಮಾಡುವುದಕ್ಕಿಂತ ನಿಮ್ಮ ಕೇಸಿಗೆ ಕೋರ್ಟು ಕೊಟ್ಟ, ಅಕ್ಷರ ಅಂಕಿ ಸೇರಿ 16 ಇರುವ ಸಿಎನ್‌ಆರ್ ನಂಬರು ಬರೆದಿಟ್ಟುಕೊಳ್ಳಿ, ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ತಾರೀಕು, ಆ ದಿನ ಏನಾಯಿತು ಎಲ್ಲ ಕಾಣುತ್ತದೆ.

ಕೋರ್ಟಿನಿಂದ ನೋಟಿಸು ಬಂದರೆ ತೆಗೆದುಕೊಳ್ಳಿ. ತೆಗೆದುಕೊಳ್ಳದಿದ್ದರೆ ಕೇಸೇ ಇಲ್ಲ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಬೇಡ ಎಂದು ವಾಪಸ್ ಕಳಿಸಿದರೂ ಕೋರ್ಟು ಅದನ್ನು ಮುಟ್ಟಿದ ಹಾಗೆಯೇ ಲೆಕ್ಕ ಹಾಕಬಹುದು, ನೀವು ಬರದಿದ್ದರೆ ಎಕ್ಸ್‌ಪಾರ್ಟೆ ಡಿಕ್ರಿ, ಅಂದರೆ ನಿಮ್ಮ ಮಾತು ಕೇಳದೆಯೇ ತೀರ್ಮಾನ, ಆಗುತ್ತದೆ. ಅದನ್ನು ರದ್ದು ಮಾಡಿಸಲು ಇರುವ ಅವಧಿ 30 ದಿನ. ನೋಟಿಸು ನಿಜಕ್ಕೂ ಮುಟ್ಟಿರಲಿಲ್ಲ ಎಂದಾದರೆ ಗೊತ್ತಾದ ದಿನದಿಂದ 30 ದಿನ.

ಸಾಕ್ಷ್ಯದ ಬಗ್ಗೆ ಯುವಕರೊಬ್ಬರು ಕೇಳಿದರು, ಹೆಂಡತಿಯ ಫೋನ್ ಮಾತು ರೆಕಾರ್ಡ್ ಮಾಡಿದ್ದೇನೆ, ನಡೆಯುತ್ತಾ ಎಂದು. 2025ರ ಜುಲೈನಲ್ಲಿ ವಿಭೋರ್ ಗರ್ಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಗಂಡ ಹೆಂಡತಿ ನಡುವಿನ ಕೇಸಿನಲ್ಲಿ ಗುಟ್ಟಾಗಿ ಮಾಡಿದ ರೆಕಾರ್ಡಿಂಗನ್ನೂ ಸಾಕ್ಷ್ಯವಾಗಿ ನೋಡಬಹುದು ಎಂದಿತು. ಆದರೆ ಅದು ತಿದ್ದಿದ್ದಲ್ಲ ಎಂದು ತೋರಿಸಬೇಕು, ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಸರ್ಟಿಫಿಕೇಟ್ ಹಾಕಬೇಕು, ಮೂಲ ಫೋನನ್ನು ಉಳಿಸಿಕೊಳ್ಳಬೇಕು. ಇನ್ನೊಬ್ಬರ ಫೋನು, ಮೇಲ್ ಕದ್ದು ತೆರೆಯುವುದು ಬೇರೆ ವಿಷಯ, ಅದು ನಿಮ್ಮ ಮೇಲೇ ಕೇಸಾಗಬಹುದು. ಮತ್ತೆ ನನ್ನ ಅನುಭವದಲ್ಲಿ ಕೇಸಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಇಂಥ ರೆಕಾರ್ಡಿಂಗ್ ಅಲ್ಲ. ಬ್ಯಾಂಕ್ ಸ್ಟೇಟ್‌ಮೆಂಟು, ಸಂಬಳದ ಚೀಟಿ, ಆಸ್ಪತ್ರೆ ಚೀಟಿ, ಒಡವೆಯ ಬಿಲ್ಲು, ಮದುವೆಯ ಫೋಟೋ. ಸ್ತ್ರೀಧನ, ಅಂದರೆ ಮದುವೆಯಲ್ಲಿ ಹೆಣ್ಣಿಗೆ ಬಂದ ಒಡವೆ, ಉಡುಗೊರೆ, ಹೆಂಡತಿಯದೇ ಎಂದು 1985ರ ಪ್ರತಿಭಾ ರಾಣಿ ತೀರ್ಪು ಹೇಳಿದೆ, ಆದರೆ ಯಾವ ಒಡವೆ ಎಂದು ತೋರಿಸುವ ಕೆಲಸ ನಿಮ್ಮದು. ಆ ಫೋಟೋ ಆಲ್ಬಂ ಮನೆ ಬಿಡುವಾಗ ಅಟ್ಟದಲ್ಲೇ ಉಳಿದುಬಿಟ್ಟಿರುತ್ತದೆ!

ಕೌನ್ಸೆಲಿಂಗ್, ಮೀಡಿಯೇಷನ್ ಎಂದರೆ ಮತ್ತೆ ಒಂದುಮಾಡುವ ಜಾಗ ಎಂದು ಜನ ಹೆದರುತ್ತಾರೆ. ರಾಜಿಗೆ ಪ್ರಯತ್ನಿಸುವುದು ಕೌಟುಂಬಿಕ ನ್ಯಾಯಾಲಯದ ಕರ್ತವ್ಯ, ನಿಜ. ಆದರೆ ಚೆನ್ನಾಗಿ ಬೇರೆಯಾಗುವುದೂ ರಾಜಿಯೇ. ಅಲ್ಲಿ ಆಡಿದ ಮಾತು ಗೋಪ್ಯ, ಆಮೇಲೆ ಕೋರ್ಟಿನಲ್ಲಿ ನಿಮ್ಮ ವಿರುದ್ಧ ಬಳಸುವಂತಿಲ್ಲ. ಹೊಡೆತ ತಿಂದವರು ಮಾತ್ರ ಎದುರುಬದುರು ಕೂರಲು ಆಗಲ್ಲ ಎಂದು ಮೊದಲೇ ಹೇಳಿಬಿಡಿ, ಬೇರೆ ಬೇರೆ ಕೂರಿಸಿ ಮಾತಾಡಿಸುವ ವ್ಯವಸ್ಥೆ ಇದೆ.

ಇಬ್ಬರೂ ಒಪ್ಪಿದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ, ಅಂದರೆ ಪರಸ್ಪರ ಒಪ್ಪಿಗೆಯ ಡಿವೋರ್ಸ್. ಒಂದು ವರ್ಷ ಬೇರೆಯಾಗಿರಬೇಕು. ಒಂದೇ ಸೂರಿನಡಿ ಇದ್ದರೂ ಗಂಡ ಹೆಂಡತಿಯಾಗಿ ಬಾಳದಿದ್ದರೆ ಅದು ಬೇರೆಯಾಗಿ ಇದ್ದ ಹಾಗೆಯೇ. ಅರ್ಜಿ ಹಾಕಿ 6 ತಿಂಗಳ ಮೇಲೆ, 18 ತಿಂಗಳೊಳಗೆ ಮತ್ತೆ ಬಂದು ಒಪ್ಪಿಗೆ ಹೇಳಬೇಕು. ಆ ಆರು ತಿಂಗಳನ್ನು ಮನ್ನಾ ಮಾಡಬಹುದು ಎಂದು 2017ರ ಅಮರದೀಪ್ ಸಿಂಗ್ ತೀರ್ಪಿನಲ್ಲಿದೆ, ಅದಕ್ಕೆ ಜೀವನಾಂಶ, ಮಕ್ಕಳ ವಿಷಯ ಎಲ್ಲ ತೀರ್ಮಾನವಾಗಿರಬೇಕು. ಡಿಕ್ರಿ ಆಗುವವರೆಗೆ ಯಾರು ಬೇಕಾದರೂ ಮನಸ್ಸು ಬದಲಿಸಬಹುದು. ಅದಕ್ಕೇ, ಪೂರ್ತಿ ಹಣ ಮೊದಲೇ ಕೊಟ್ಟುಬಿಡುವ ಅಥವಾ ಎಲ್ಲ ಕೇಸು ಮೊದಲೇ ವಾಪಸ್ ತೆಗೆಯುವ ಒಪ್ಪಂದ ಬೇಡ, ಹಂತಹಂತವಾಗಿ ಬರೆಸಿ. ಕ್ರೈಸ್ತರಿಗೆ 1869ರ ಕಾಯ್ದೆ, ಮುಸ್ಲಿಂ ಹೆಂಗಸರಿಗೆ 1939ರದ್ದು, ರಿಜಿಸ್ಟರ್ ಮದುವೆ ವಿಶೇಷ ವಿವಾಹ ಕಾಯ್ದೆಯಡಿ ಆಗಿದ್ದರೆ 1954ರದ್ದು. ಯಾವ ಕಾಯ್ದೆಯಡಿ ಮದುವೆಯಾಗಿದೆ ಎಂದು ವಕೀಲರಿಗೆ ಮೊದಲೇ ಹೇಳಿ, ದಾರಿಗಳು ಬೇರೆ ಬೇರೆ.

ಕೊನೆಗೆ ಒಬ್ಬ ಹೆಣ್ಣುಮಗಳು ಕೇಳಿದ್ದು, "ಜಡ್ಜ್ ಡಿವೋರ್ಸ್ ಕೊಟ್ಟೆ ಅಂದ್ರು, ಆಯ್ತಲ್ವಾ?" ಡಿಕ್ರಿಯ ದೃಢೀಕೃತ ಪ್ರತಿಗೆ ಅರ್ಜಿ ಹಾಕಮ್ಮಾ, ಒಂದಕ್ಕಿಂತ ಹೆಚ್ಚು ಪ್ರತಿ ತಗೋ, ಪಾಸ್‌ಪೋರ್ಟ್ ಆಫೀಸು, ಬ್ಯಾಂಕು ಎಲ್ಲ ಕಡೆ ಕೇಳ್ತಾರೆ. ಪಿಎಫ್, ಇನ್ಶೂರೆನ್ಸ್, ಖಾತೆಗಳಲ್ಲಿ ನಾಮಿನಿ ಹೆಸರು ಬದಲಿಸು, ಅದು ತಾನಾಗಿ ಬದಲಾಗಲ್ಲ. ಒಪ್ಪಿಗೆಯ ಡಿಕ್ರಿ ಆಗಿದ್ದರೆ ಅದರ ಮೇಲೆ ಅಪೀಲು ಇಲ್ಲ. ಜಗಳದ ಕೇಸಾದರೆ ಅಪೀಲಿನ ಅವಧಿ ಮುಗಿಯುವವರೆಗೆ, ಅಪೀಲು ಹಾಕಿದ್ದರೆ ಅದು ತೀರುವವರೆಗೆ, ಇನ್ನೊಂದು ಮದುವೆಯ ತಾರೀಕು ಗೊತ್ತುಮಾಡಬೇಡ.